ಬಿಲ್ಲೆಯ ಜೊತೆಗೆ ಏನು

ಅವಳು ಅವನನ್ನು ಮೊದಲ ಸಲ ನೋಡಿದ್ದೇ ತಪ್ಪಾಗಿ.

ಆಸ್ಪತ್ರೆಯ ಮೂರನೆಯ ಮಹಡಿ, ಕಾರಿಡಾರಿನ ಕೊನೆಯ ಕೋಣೆ, ಬಾಗಿಲ ಮೇಲೆ 'ಮಾತಿನ ಚಿಕಿತ್ಸೆ' ಎಂಬ ಬೋರ್ಡು. ಅವನು ಕೆಲಸದಿಂದ ನೇರವಾಗಿ ಓಡಿ ಬಂದಿದ್ದ. ನೀಲಿ ಸಮವಸ್ತ್ರ, ಜೇಬಿನಲ್ಲಿ ಟೆಸ್ಟರ್, ಹೆಗಲಲ್ಲಿ ಸ್ಪಾನರುಗಳ ಚೀಲ, ಮೊಣಕೈವರೆಗೂ ಗ್ರೀಸು. ಬಾಗಿಲು ತಟ್ಟಿ ತಲೆ ಒಳಗೆ ಹಾಕುತ್ತಿದ್ದಂತೆ ಅವಳು ಕುರ್ಚಿಯಿಂದ ಎದ್ದಳು.

"ಅಂತೂ ಬಂದ್ರಲ್ಲ. ಲಿಫ್ಟ್ ಆ ಕಡೆ ಇದೆ. ಬೆಳಗ್ಗೆಯಿಂದ ಎರಡನೇ ಮಹಡಿ ದಾಟೋವಾಗ ಧಡ್ ಅಂತ ಕುಲುಕ್ತಿದೆ, ಪೇಷಂಟ್‌ಗಳು ಹೆದರ್ಕೊಳ್ತಾರೆ. ಮೊದಲು ಅದನ್ನ ನೋಡಿಬಿಡಿ, ಪ್ಲೀಸ್."

ನಾನು ಬಂದಿದ್ದು ಅದಕ್ಕಲ್ಲ ಎನ್ನಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಲಿಫ್ಟ್ ಮೆಕ್ಯಾನಿಕ್‌ಗೆ ಲಿಫ್ಟ್ ಕೆಟ್ಟಿದೆ ಎಂದರೆ ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ. ಅದರ ಮೇಲೆ ಅವಳು 'ಪ್ಲೀಸ್' ಎಂದಿದ್ದಳು, ಆಗ ಹುಬ್ಬು ಸ್ವಲ್ಪ ಮೇಲೆ ಹೋಗಿತ್ತು. ಬೇರೆ ಕಂಪನಿಯ ಲಿಫ್ಟು, ತಾನು ಕೈ ಹಾಕಬಾರದು ಎಂಬುದೂ ನೆನಪಾಗಲಿಲ್ಲ. ವಾಚ್‌ಮನ್‌ನನ್ನು ಪುಸಲಾಯಿಸಿ ಬೀಗ ತೆಗೆಸಿ, ಸಡಿಲಾಗಿದ್ದ ಒಂದು ಬೋಲ್ಟನ್ನು ಬಿಗಿ ಮಾಡಿ, ಮೂರು ಸಲ ಮೇಲೆ ಕೆಳಗೆ ಓಡಾಡಿ, ಇಪ್ಪತ್ತೈದು ನಿಮಿಷದ ನಂತರ ಮತ್ತೆ ಅದೇ ಬಾಗಿಲು ತಟ್ಟಿದ.

"ಆಯ್ತಾ? ಎಲ್ಲಾದ್ರೂ ಸೈನ್ ಹಾಕ್ಬೇಕಾ?" ಎಂದಳು.

"ಬೇಡ ಮೇಡಂ. ಒಳಗೆ ಕೂತಿರೋದು ನಮ್ಮತ್ತೆ. ಅವರ ಮನೆಯವನು ನಾನು."

ಅವಳ ಮುಖ ಹಾಗೇ ಇತ್ತು. ಕಿವಿಗಳು ಮಾತ್ರ ತುದಿಯಿಂದ ಶುರುವಾಗಿ ನಿಧಾನವಾಗಿ ಕೆಂಪಾದವು. ಮನುಷ್ಯರು ಹೀಗೂ ನಾಚಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

"ಲಿಫ್ಟ್ ಈಗ ಸರಿ ಇದೆ," ಎಂದ, ಬೇರೇನೂ ತೋಚದೆ.

ಕಿಟಕಿಯ ಪಕ್ಕ ಕೂತಿದ್ದ ಅತ್ತೆ ಇಬ್ಬರನ್ನೂ ನೋಡಿ, "ಇರಲಿ," ಎಂದಳು.

ಅತ್ತೆಗೆ ಉಳಿದಿದ್ದುದು ಅದೊಂದೇ ಮಾತು. ಎಂಟು ವಾರಗಳ ಹಿಂದೆ ಬಂದ ಸ್ಟ್ರೋಕ್ ಬಲಗೈಯ ಬಲವನ್ನೂ ಬಾಯಿಯ ಮಾತುಗಳನ್ನೂ ಕಿತ್ತುಕೊಂಡು ಹೋಗುವಾಗ, ಯಾಕೋ ಏನೋ, ಈ ಒಂದನ್ನು ಬಿಟ್ಟುಹೋಗಿತ್ತು. ಊಟ ಆಯ್ತಾ ಎಂದರೆ ಇರಲಿ. ಹಸಿವಾಗ್ತಿದೆಯಾ ಎಂದರೂ ಇರಲಿ. ಸಿಟ್ಟಿಗೆ ಒಂದು ಇರಲಿ, ನಗುವಿಗೆ ಒಂದು, ಸೊಳ್ಳೆಗೆ ಇನ್ನೊಂದು. ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಪ್ಪನ ತಂಗಿಯಾದ ಈ ಅತ್ತೆ. ಅವನ ತುಂಟತನಕ್ಕೆಲ್ಲ ಅವಳು ಹೇಳುತ್ತಿದ್ದುದೂ ಇದೇ ಮಾತು.

ಆಸ್ಪತ್ರೆಯಲ್ಲಿ ಎಲ್ಲರೂ ಅತ್ತೆಗೆ ಮಾತು ಕಲಿಸುತ್ತಿದ್ದ ಅವಳನ್ನು 'ಮಾತಿನ ಮೇಡಂ' ಎನ್ನುತ್ತಿದ್ದರು. ಆದರೆ ಆ ಕೋಣೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುತ್ತಿದ್ದವಳು ಅವಳೇ. ಕೈಯಲ್ಲಿ ತಾನೇ ಬಣ್ಣ ಹಚ್ಚಿ ಬರೆದ ಚಿತ್ರದ ಕಾರ್ಡುಗಳು. ಬೀಗ, ಛತ್ರಿ, ಬಾಚಣಿಗೆ. ಒಂದು ಕಾರ್ಡ್ ಇಟ್ಟು ಕಾಯುತ್ತಿದ್ದಳು. ಅತ್ತೆಯ ತುಟಿ ಅಲುಗುತ್ತಿತ್ತು, ಗಂಟಲು ಉಬ್ಬುತ್ತಿತ್ತು. ಅವನಿಗೆ ತಡೆಯಲಾಗುತ್ತಿರಲಿಲ್ಲ.

"ಬಾಚಣಿಗೆ, ಅತ್ತೆ. ಬಾಚಣಿಗೆ."

ಅವಳು ಅವನ ಕಡೆ ತಿರುಗಿದಳು. "ನೀವು ಅವರ ಕೈಯಿಂದ ಕಿತ್ಕೊಳ್ತಿದ್ದೀರಿ."

"ಏನು?"

"ಮಾತನ್ನ. ಇನ್ನೇನು ಹಿಡಿದ್ರು ಅನ್ನೋವಾಗ ನೀವು ಕಿತ್ಕೊಂಡ್ರಿ."

ಅವನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಕೂತ. ಕೂತವನು ಬೇರೆ ಕೆಲಸವಿಲ್ಲದೆ ಅವಳನ್ನೇ ನೋಡಿದ. ಅಂಥ ಕಾಯುವಿಕೆಯನ್ನು ಅವನು ಎಲ್ಲೂ ಕಂಡಿರಲಿಲ್ಲ. ಜನ ಲಿಫ್ಟಿಗೆ ಕಾಯುವುದನ್ನು ನೋಡಿದ್ದ. ಗುಂಡಿ ಒತ್ತಿ, ಮತ್ತೆ ಒತ್ತಿ, ಗಡಿಯಾರ ನೋಡಿ, ಕಾಲು ಕುಣಿಸುತ್ತಾರೆ. ಅವಳ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಎದುರಿನ ಮುದುಕಿಯ ಬಾಯಿಂದ ಬರಲಿರುವುದು ಜಗತ್ತಿನಲ್ಲೇ ಮೊದಲ ಮಾತೇನೋ ಎಂಬಂತೆ ಕೂತಿದ್ದಳು.

ಮೂರನೆಯ ವಾರ ಅವಳು ಹೊಸ ಕಾರ್ಡ್ ತೆಗೆದಳು. ತಟ್ಟೆಯಲ್ಲಿ, ಆಲೂಗಡ್ಡೆ ತುರಿದು ತಟ್ಟಿ ಕಾವಲಿಯಲ್ಲಿ ಕೆಂಪಗೆ ಬೇಯಿಸಿದ ಬಿಲ್ಲೆಗಳು, ಪಕ್ಕದಲ್ಲಿ ಬೇಯಿಸಿ ಹಿಸುಕಿದ ಸೇಬು.

ಅತ್ತೆ ಕಾರ್ಡನ್ನು ದಿಟ್ಟಿಸಿ ನೋಡಿದಳು. ಆಮೇಲೆ ಎಡಗೈಯಿಂದ ಅದನ್ನು ಮೇಜಿನ ಅಂಚಿನವರೆಗೂ ತಳ್ಳಿದಳು. "ಇರಲಿ," ಎಂದಳು. ಅದು ಅವನು ಹಿಂದೆಂದೂ ಕೇಳಿರದ 'ಇರಲಿ'.

"ಸೇಬು ನೋಡಿ ಸಿಟ್ಟು ಬಂದಿರ್ಬೇಕು," ಎಂದ ಅವನು. "ಬಿಲ್ಲೆ ಜೊತೆ ಸೇಬು ಯಾರು ತಿಂತಾರೆ?"

"ನಾವು ತಿಂತೀವಿ. ನಮ್ಮನೇಲಿ ಸೇಬಿಲ್ಲದೆ ಬಿಲ್ಲೆ ಮಾಡೋದೇ ಇಲ್ಲ. ನೀವೇನು ಹಾಕ್ಕೊಳ್ತೀರಿ?"

"ಗಟ್ಟಿ ಮೊಸರು. ಬೆಳ್ಳುಳ್ಳಿ ಜಜ್ಜಿ ಹಾಕಿ."

"ಬೆಳ್ಳುಳ್ಳಿ ಮೊಸರಾ?" ಅವನು ಬಿಲ್ಲೆಗೆ ಗ್ರೀಸ್ ಹಚ್ಚಿಕೊಂಡು ತಿನ್ನುತ್ತೇನೆ ಎಂದಿದ್ದರೂ ಅವಳ ಮುಖ ಅಷ್ಟು ಕಿವುಚಿಕೊಳ್ಳುತ್ತಿರಲಿಲ್ಲ. "ಪಾಪ ಬಿಲ್ಲೆ."

"ಪಾಪ ಸೇಬು ಅನ್ನಿ. ಜ್ವರ ಬಂದವರಿಗೆ ಕೊಡೋದನ್ನ ತಂದು..."

"ಇರಲಿ," ಎಂದು ಅತ್ತೆ ಮೇಜು ಕುಟ್ಟಿದಳು.

"ಮೊಸರಾ, ಅತ್ತೆ?" ಎಂದು ಅವನು ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಅಲ್ಲ.

ಅವನು ತಬ್ಬಿಬ್ಬಾದ. ಚಿಕ್ಕಂದಿನಿಂದ ಅತ್ತೆಯ ಕೈಯಿಂದಲೇ ಬಿಲ್ಲೆ ತಿಂದಿದ್ದ. ಪ್ರತಿ ಸಲವೂ ಮೊಸರೇ, ಪ್ರತಿ ಸಲವೂ ಅದೇ ನೀಲಿ ಬಟ್ಟಲು.

ಮಾತಿನ ಮೇಡಂ ಕಾರ್ಡನ್ನು ಎತ್ತಿಕೊಂಡಳು. ದನಿ ತಗ್ಗಿತ್ತು. "ಇಷ್ಟು ದಿನ ಬೀಗ, ಛತ್ರಿ ತೋರಿಸಿದಾಗ ಅವರು ಬೇಗ ಕೈಬಿಡ್ತಿದ್ರು. ಈಗ ನೋಡಿ. ಏನನ್ನೋ ಹುಡುಕ್ತಿದ್ದಾರೆ. ನಮಗೆ ಗೊತ್ತಿಲ್ಲದ್ದು ಏನೋ."

ಹಾಗೆ ಶುರುವಾಯಿತು ಅವರಿಬ್ಬರ ಹುಡುಕಾಟ. ಆಸ್ಪತ್ರೆಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಅವಳು ಕೇಳಿದಳು: ನಿಮ್ಮನೇಲಿ ಬಿಲ್ಲೆ ಜೊತೆ ಏನು? ಅವನು ತಾನು ಏರಿ ಇಳಿಯುವ ಕಟ್ಟಡಗಳಲ್ಲಿ ಕೇಳಿದ. ಪ್ರತಿ ಮಂಗಳವಾರ ಸೆಷನ್ ಮುಗಿದ ಮೇಲೆ, ಅತ್ತೆಯ ಗಾಲಿಕುರ್ಚಿಯ ಎರಡೂ ಬದಿಗೆ ನಿಂತು ತಮ್ಮ ತಮ್ಮ ಪಟ್ಟಿ ಓದುತ್ತಿದ್ದರು.

"ಮಕ್ಕಳ ವಾರ್ಡಿನ ನರ್ಸ್ ಮನೇಲಿ ಬರೀ ಸಕ್ಕರೆ," ಎನ್ನುವಳು ಅವಳು. "ಎಕ್ಸ್‌ರೇಯವರ ಮನೇಲಿ ಉಪ್ಪು ಮೀನು, ಹಸಿ ಈರುಳ್ಳಿ."

"ನಮ್ಮ ಆಫೀಸಿನವರ ಮನೇಲಿ ಬೆಣ್ಣೇಲಿ ಹುರಿದ ಅಣಬೆ. ಇನ್ನೊಬ್ಬರ ಮನೇಲಿ ಹುಳಿ ಬರಿಸಿದ ಕೋಸು. ಒಂಬತ್ತನೇ ಮಹಡೀಲಿ ಒಬ್ಬ ಗಂಡ ಹೆಂಡತಿ ಇದ್ದಾರೆ, ಅವನಿಗೆ ಉಪ್ಪು, ಅವಳಿಗೆ ಸಕ್ಕರೆ. ಮೂವತ್ತು ವರ್ಷದಿಂದ ಅದೇ ಜಗಳ. ನಾನು ಕೇಳಿದ್ದಕ್ಕೆ ಮತ್ತೆ ಶುರುವಾಯ್ತು."

"ನೀವು ಏನು ಮಾಡಿದ್ರಿ?"

"ಮೆಟ್ಟಿಲಲ್ಲಿ ಇಳಿದು ಬಂದೆ. ಲಿಫ್ಟಿಗೂ ಕಾಯ್ಲಿಲ್ಲ."

ಅವಳು ನಕ್ಕಳು. ಅವಳ ನಗುವಿಗೆ ಸದ್ದಿರಲಿಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು. ಅದನ್ನು ನೋಡಲೆಂದೇ ಅವನು ವಾರವಿಡೀ ಜನರನ್ನು ಕೇಳುತ್ತ ಅಲೆದ ಎಂದರೂ ತಪ್ಪಿಲ್ಲ.

ಆದರೆ ಕೇಳುತ್ತ ಹೋದಂತೆ ಅವನಿಗೆ ಬೇರೊಂದು ಕಾಣತೊಡಗಿತು. ಎಣ್ಣೆ, ಕಾವಲಿ, ಆಲೂಗಡ್ಡೆ ಎಲ್ಲ ಮನೆಯಲ್ಲೂ ಒಂದೇ. ಪಕ್ಕದಲ್ಲಿಡುವುದು ಏನೆಂದು ಕೇಳಿದೊಡನೆ ಮಾತ್ರ ಜನರ ಮುಖವೇ ಬದಲಾಗುತ್ತಿತ್ತು. ಕಟುವಾಗಿ ಮಾತಾಡುವ ಸೆಕ್ಯುರಿಟಿಯವನು ಕ್ಯಾಪ್ ತೆಗೆದು, "ನಮ್ಮಮ್ಮ..." ಎಂದು ಶುರು ಮಾಡಿ, ಅರ್ಧದಲ್ಲಿ ನಿಲ್ಲಿಸಿ ಗೇಟಿನ ಕಡೆ ನೋಡುತ್ತ ನಿಂತಿದ್ದ. ಲಿಫ್ಟಿನಲ್ಲಿ ತುಟಿ ಬಿಗಿದು ನಿಲ್ಲುವ ಇಷ್ಟೊಂದು ಜನರೊಳಗೆ ಇಷ್ಟೊಂದು ಅಡುಗೆಮನೆಗಳು ಇವೆಯಲ್ಲ ಎಂದು ಅವನಿಗೆ ಬೆರಗಾಯಿತು. ಅದನ್ನು ಅವಳಿಗೆ ಹೇಳಿದ. ಅವಳು ಪಟ್ಟಿ ಮಡಿಸಿ, ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಕಿವಿಯ ತುದಿ ಕೆಂಪಾಯಿತು.

ಆ ಧೈರ್ಯದಲ್ಲೇ ಅವನು ಕೇಳಿಬಿಟ್ಟ. "ಕೆಳಗಡೆ ಕ್ಯಾಂಟೀನಲ್ಲಿ ಒಂದು ಕಾಫಿ..."

"ಆಗಲ್ಲ," ಎಂದಳು. "ಪೇಷಂಟ್ ಮನೆಯವರ ಜೊತೆ ಹಾಗೆಲ್ಲ ಹೋಗಬಾರದು. ರೂಲ್ ಇದೆ. ಒಳ್ಳೇ ರೂಲೇ ಅದು. ಮನೆಯವರು ಕಷ್ಟದಲ್ಲಿ ಇರ್ತಾರೆ, ಆಗ ಯಾರು ಸ್ವಲ್ಪ ಚೆನ್ನಾಗಿ ಮಾತಾಡಿದ್ರೂ ದೇವರ ಥರ ಕಾಣ್ತಾರೆ."

"ನೀವು ದೇವರ ಥರ ಕಾಣಲ್ಲ."

"ಮತ್ತೆ?"

ಅವನು ಗಾಲಿಕುರ್ಚಿಯ ಬ್ರೇಕ್ ಬಿಡಿಸುವ ನೆಪದಲ್ಲಿ ಬಗ್ಗಿದ.

ಪಟ್ಟಿಯಲ್ಲಿದ್ದುದನ್ನೆಲ್ಲ ಅತ್ತೆಗೆ ತಿನ್ನಿಸಿಯೇ ನೋಡೋಣವೆಂದು ಇಬ್ಬರೂ ಗೊತ್ತುಮಾಡಿದ ಅಡುಗೆಯ ದಿನ ಅವನ ಅಪ್ಪನೂ ಬಂದರು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಕೈ ಬಿದ್ದವರು ಮನೆಗೆಲಸ ಮತ್ತೆ ಕಲಿಯಲೆಂದು ಮಾಡಿದ ಒಂದು ಪುಟ್ಟ ಅಡುಗೆಮನೆ ಇತ್ತು. ಅಪ್ಪ ನಿವೃತ್ತ ಬಸ್ ಕಂಡಕ್ಟರ್. ಯಾವ ಕೋಣೆಗೆ ಹೋದರೂ ಕೊನೆಯ ಸೀಟಿನವರಿಗೂ ಕೇಳುವಂತೆಯೇ ಮಾತು. "ಇಷ್ಟೆಲ್ಲ ಯಾಕೆ ಬೇಕಿತ್ತು ಮೇಡಂ? ನಮ್ಮ ಮನೇಲಿ ಮೊಸರು. ನನ್ನ ತಂಗಿಗೂ ಮೊಸರೇ. ನಾನು ಬರೆದುಕೊಡ್ತೀನಿ ಬೇಕಾದ್ರೆ."

ಮೊಳೆ ಹೊಡೆದ ಹಲಗೆಯೊಂದಕ್ಕೆ ಮಾತಿನ ಮೇಡಂ ಆಲೂಗಡ್ಡೆಯನ್ನು ಚುಚ್ಚಿ ನಿಲ್ಲಿಸಿದಳು. ಒಂದೇ ಕೈ ಇದ್ದರೂ ಜಾರದ ಹಾಗೆ. ಅತ್ತೆ ಎಡಗೈಯಲ್ಲಿ ತುರಿದಳು. ಅವನು ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರು ಹಿಂಡಿದ. ಈರುಳ್ಳಿ, ಹಿಟ್ಟು, ಉಪ್ಪು ಸೇರಿತು. ಎಣ್ಣೆ ಕಾದ ಕಾವಲಿಯ ಮೇಲೆ ಮೊದಲ ಬಿಲ್ಲೆ ಚುಂಯ್ ಎಂದಾಗ ಅತ್ತೆಯ ಬೆನ್ನು ನೆಟ್ಟಗಾಯಿತು.

ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು. ಅವನು ತಂದ ಬೆಳ್ಳುಳ್ಳಿ ಮೊಸರು, ಅವಳು ಮನೆಯಿಂದ ಬೇಯಿಸಿ ತಂದ ಸೇಬು, ನರ್ಸಿನ ಸಕ್ಕರೆ, ಎಕ್ಸ್‌ರೇಯವರ ಮೀನು, ಹುರಿದ ಅಣಬೆ, ಹುಳಿ ಕೋಸು. ಬಿಲ್ಲೆಯ ಒಂದೊಂದು ಚೂರನ್ನು ಒಂದೊಂದರಲ್ಲಿ ಅದ್ದಿ ಅತ್ತೆಯ ಮುಂದೆ ಇಟ್ಟರು. ಅತ್ತೆ ಎಲ್ಲವನ್ನೂ ಸಮಾಧಾನವಾಗಿ ತಿಂದಳು, ಪ್ರತಿಯೊಂದಕ್ಕೂ "ಇರಲಿ" ಎಂದಳು. ಕೊನೆಯ ಬಟ್ಟಲೂ ಆಯಿತು.

ಅಪ್ಪ ಬಾಯಿ ತೆರೆದರು. ಅವನು ಅಪ್ಪನ ಮೊಣಕೈ ಹಿಡಿದ. ಅಪ್ಪ ಸುಮ್ಮನಾದರು, ಅದೇ ಒಂದು ಪವಾಡ.

ಅತ್ತೆ ಏನೂ ಹಚ್ಚದ ಒಂದು ಬಿಲ್ಲೆಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ತಿನ್ನಲಿಲ್ಲ. ಅದರ ಮೇಲೆ, ಗಾಳಿಯಲ್ಲಿ, ಬೆರಳನ್ನು ನಿಧಾನವಾಗಿ ಸುತ್ತಿಸಿದಳು, ಮೇಲಿನಿಂದ ಸಣ್ಣ ಎಳೆಯೊಂದನ್ನು ಸುರಿಯುತ್ತಿದ್ದಾಳೇನೋ ಎಂಬಂತೆ. ತುಟಿ ಮುಂದೆ ಬಂತು. ಹಿಂದೆ ಹೋಯಿತು. ಮಾತಿನ ಮೇಡಂ ಕದಲಲಿಲ್ಲ.

"ಜೇ," ಎಂದಳು ಅತ್ತೆ.

ಬೆರಳು ಇನ್ನೂ ಸುತ್ತುತ್ತಿತ್ತು.

"ಜೇನು."

ಅವನು ಅಪ್ಪನ ಕಡೆ ತಿರುಗಿದ. "ನಮ್ಮನೇಲಿ ಜೇನು ಇದ್ದಿದ್ದೇ ಇಲ್ವಲ್ಲಪ್ಪ."

ಅಪ್ಪನ ದೊಡ್ಡ ದನಿ ಎಲ್ಲೋ ಹೋಗಿತ್ತು. "ಭಾವನ ಮನೇಲಿ ಇತ್ತು," ಎಂದರು. "ಇವಳ ಗಂಡನ ಮನೇಲಿ. ಮನೆ ಹಿಂದೆ ಜೇನುಪೆಟ್ಟಿಗೆಗಳಿದ್ವು. ಮದುವೆಯಾಗಿ ಹನ್ನೊಂದು ತಿಂಗಳಿಗೆ ಭಾವ ಜ್ವರ ಬಂದು ಹೋಗ್ಬಿಟ್ರು. ನಾನೇ ಹೋಗಿ ಇವಳನ್ನ ಕರ್ಕೊಂಡು ಬಂದೆ. ನಲವತ್ತೊಂದು ವರ್ಷ ಆಯ್ತು." ತಂಗಿಯ ಕಡೆ ನೋಡಿ, "ಬಂದ ದಿನವೇ ನಮ್ಮಮ್ಮ ಬಿಲ್ಲೆ ಮಾಡಿ ಮೊಸರು ಹಾಕಿದ್ರು. ತಿಂದಳು. ಏನೂ ಹೇಳ್ಲಿಲ್ಲ," ಎಂದರು.

ಮಾತಿನ ಮೇಡಂ ಎದ್ದು ಹೊರಗೆ ಓಡಿದಳು. ದಿನವಿಡೀ ಮಾತು ಕಲಿಸುವ ಗಂಟಲಿಗೆಂದು ಅವಳ ಡ್ರಾಯರಿನಲ್ಲಿ ಒಂದು ಸಣ್ಣ ಜೇನಿನ ಬಾಟಲಿ ಇರುತ್ತಿತ್ತು. ಅದನ್ನು ತಂದು ಮುಚ್ಚಳ ತೆಗೆದು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ತಾನೇ ಸುರಿದುಕೊಂಡಳು. ಜೇನು ಮೇಜಿಗೂ ಸೋರಿತು. ಬಿಸಿ ಬಿಲ್ಲೆಯನ್ನು ಕಚ್ಚಿ ಕಣ್ಣು ಮುಚ್ಚಿದಳು. ಅಗಿಯುತ್ತಲೇ ಎರಡನೆಯ ಮಾತು ಬಂತು, ಯಾರೂ ಕೇಳದೆ, ತಾನಾಗಿ.

"ಅವರು."

ಹೆಂಡತಿ ಗಂಡನನ್ನು ಕರೆಯುವ 'ಅವರು'. ಅಣ್ಣನ ಮನೆಯಲ್ಲಿ ಅವಳ ಬಾಯಿಂದ ಯಾರೂ ಒಮ್ಮೆಯೂ ಕೇಳಿರದ ಮಾತು. ಕಣ್ಣು ಮುಚ್ಚಿದ್ದ ಅರವತ್ತೈದರ ಆ ಮುಖದಲ್ಲಿ, ಒಂದು ಕ್ಷಣ, ತನಗಿಂತ ಚಿಕ್ಕವಳಾದ ಹುಡುಗಿಯೊಬ್ಬಳು ಕೂತಿರುವುದನ್ನು ಅವನು ಕಂಡ. ಅತ್ತೆಯ ಮಡಿಲಲ್ಲೇ ಬೆಳೆದಿದ್ದ, ಆದರೂ ಈ ಹುಡುಗಿಯ ಗುರುತೇ ಅವನಿಗಿರಲಿಲ್ಲ. ಎದುರಿನಲ್ಲಿ ಮಾತಿನ ಮೇಡಂ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು. ಅವನಿಗಿಂತ ಹೆಚ್ಚು ಬೆರಗಾಗಿದ್ದವಳು ಅವಳೇ ಇರಬೇಕು. ಇಂಥದ್ದನ್ನೇ ಕೆಲಸ ಮಾಡಿಕೊಂಡೂ ಇನ್ನೂ ಬೆರಗಾಗಬಲ್ಲ ಆ ಮುಖವನ್ನು ನೋಡುತ್ತ, ತಾನು ಇವಳನ್ನು ಬಿಟ್ಟು ಇರಲಾರೆ ಎಂಬುದು ಅವನಿಗೆ ಖಚಿತವಾಯಿತು.

ಮುಂದಿನ ಮಂಗಳವಾರ ಕೋಣೆಯಲ್ಲಿ ಬೇರೊಬ್ಬರು ಕೂತಿದ್ದರು. ಬಿಳಿಗೂದಲಿನ, ದಪ್ಪ ಕನ್ನಡಕದ ಸೀನಿಯರ್ ಮೇಡಂ. "ಇನ್ನು ಮೇಲೆ ನಾನೇ ನೋಡ್ಕೊಳ್ತೀನಿ. ಇವರಿಗೀಗ ಗುಂಪಿನಲ್ಲಿ ಮಾತಾಡೋ ಅಭ್ಯಾಸ ಬೇಕು. ಫೈಲ್ ನನಗೆ ಬಂದಿದೆ," ಎಂದರು.

ಅವನು ಅತ್ತೆಯನ್ನು ಒಳಗೆ ಬಿಟ್ಟು ಕಾರಿಡಾರಿನಲ್ಲಿ ಕೂತು, ತಾನು ಎಲ್ಲಿ ತಪ್ಪಿದೆ ಎಂದು ಲೆಕ್ಕ ಹಾಕಿದ. ಕಾಫಿಗೆ ಕರೆದದ್ದು ತಪ್ಪೋ, ಅಡುಗೆಮನೆಯಲ್ಲಿ ಕಣ್ಣು ಕೀಳದೆ ನೋಡಿದ್ದು ತಪ್ಪೋ. ಎದ್ದು ಹುಡುಕಿಕೊಂಡು ಹೊರಟ. ಅವಳು ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದಳು.

"ಫೈಲ್ ಕೊಟ್ಟುಬಿಟ್ರಂತೆ," ಎಂದ, ನಿಂತೇ. "ನನ್ನಿಂದ ಬೇಜಾರಾಗಿದ್ರೆ ನನಗೆ ಹೇಳಬಹುದಿತ್ತು. ಅತ್ತೆ ಏನು ಮಾಡಿದ್ರು?"

ಅವಳು ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದಳು. "ಸೀನಿಯರ್ ಮೇಡಂ ನನಗಿಂತ ಚೆನ್ನಾಗಿ ಕಲಿಸ್ತಾರೆ. ನನಗೇ ಕಲಿಸಿದವರು ಅವರು. ಅತ್ತೆಗೆ ನಷ್ಟ ಆಗೋ ಹಾಗಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ."

"ಮತ್ತೆ ಯಾಕೆ ಕೊಟ್ರಿ?"

"ಇಷ್ಟು ಮಹಡಿ ಹತ್ತಿ ಇಳೀತೀರಿ, ಇದೊಂದು ಗೊತ್ತಾಗಲ್ವಾ?" ಅವಳ ದನಿಯಲ್ಲಿ ಸಿಟ್ಟೂ ನಗುವೂ ಬೆರೆತಿದ್ದವು. "ಇವತ್ತು ಬೆಳಗ್ಗೆ ಒಂಬತ್ತು ಗಂಟೆಯಿಂದ ನೀವು ನನ್ನ ಪೇಷಂಟ್ ಮನೆಯವರಲ್ಲ."

ಅರ್ಥ ಅವನೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಅವನು ಒಂದು ಮೆಟ್ಟಿಲು ಕೆಳಗೆ ಕೂತ.

"ಅತ್ತೆ ನಲವತ್ತೊಂದು ವರ್ಷ ಒಂದು ಮಾತನ್ನ ಒಳಗೇ ಇಟ್ಕೊಂಡಿದ್ರು," ಎಂದ. "ನನ್ನ ಕೈಲಿ ನಲವತ್ತೊಂದು ದಿನಾನೂ ಆಗಲ್ಲ. ನೀವಂದ್ರೆ ನನಗೆ ಇಷ್ಟ. ಸುಮ್ಮನೆ ಇಷ್ಟ ಅಲ್ಲ. ನಿಮ್ಮ ಕೆಲಸ ನೋಡಿ, ನಿಮ್ಮನ್ನ ನೋಡಿ, ಮನೆಗೆ ಹೋದ ಮೇಲೂ ಅದೇ ಕಣ್ಣ ಮುಂದೆ ಇರುತ್ತೆ. ಊಟ ಮಾಡೋವಾಗ, ಬೂಟು ಬಿಚ್ಚೋವಾಗ. ನನ್ನ ಜೊತೆ ಇರ್ತೀರಾ? ಯೋಚನೆ ಮಾಡಿ ಹೇಳಿ, ಅವಸರ ಇಲ್ಲ."

"ಯೋಚನೆ ಮಾಡಿದ್ದಾಯ್ತು," ಎಂದಳು ಅವಳು. "ಇಲ್ಲದಿದ್ರೆ ಆ ಸೀನಿಯರ್ ಮೇಡಂ ಹತ್ರ ಹೋಗಿ, ಕಾರಣ ಕೇಳಿದಾಗ ನಿಜ ಹೇಳಿ, ಅವರು ಅಷ್ಟು ಹೊತ್ತು ನಗೋದನ್ನ ಕೇಳಿಸ್ಕೊಳ್ತಿದ್ನಾ?" ಎಂದು, ಅವನ ಗ್ರೀಸಿನ ಕೈಯನ್ನು ಎತ್ತಿ ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಅವಳ ಮಧ್ಯಾಹ್ನದ ಊಟ ಹಾಗೇ ಆರಿತು.

ಆಮೇಲೆ ಭಾನುವಾರಗಳಂದು ಅವಳು ಅವರ ಮನೆಗೆ ಬರತೊಡಗಿದಳು. ಒಳಗೆ ಕಾಲಿಡುತ್ತಲೇ, "ಇಲ್ಲಿ ನಾನು ಮೇಡಂ ಅಲ್ಲ, ಯಾರಿಗೂ ಪಾಠ ಇಲ್ಲ," ಎಂದು ಹೇಳಿ, ಈರುಳ್ಳಿ ಹೆಚ್ಚಲು ಕೂತಳು. ಅಪ್ಪ ಸೇಬನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು, ಮೂರನೆಯ ಭಾನುವಾರ ಯಾರೂ ನೋಡುತ್ತಿಲ್ಲವೆಂದುಕೊಂಡು ಎರಡು ಚಮಚ ಹಾಕಿಕೊಂಡರು. ಅವಳು ಬೆಳ್ಳುಳ್ಳಿ ಮೊಸರನ್ನು ನಾಲಿಗೆಯ ತುದಿಗೆ ಇಟ್ಟು ಕಣ್ಣು ಕಿರಿದು ಮಾಡಿ, "ಮದುವೆ ಆದ್ಮೇಲೆ ನೋಡೋಣ," ಎಂದಳು. ಮದುವೆಯ ಮಾತು ಆ ಮನೆಯಲ್ಲಿ ಬಂದದ್ದು ಹಾಗೆ, ಬೆಳ್ಳುಳ್ಳಿಯ ಜೊತೆ. ಅಪ್ಪ ಅದನ್ನು ಅಂದೇ ಸಂಜೆ ಇಡೀ ಬೀದಿಗೆ ಕೇಳಿಸಿದರು.

ಅತ್ತೆಗೆ ಮಾತುಗಳು ಒಂದೊಂದಾಗಿ ಬಂದವು, ಬಂದವುಗಳಲ್ಲಿ ಕೆಲವು ಮತ್ತೆ ಹೋದವು. ಬಾಚಣಿಗೆ ಕೊನೆಗೂ ಬರಲಿಲ್ಲ. ಆದರೆ ಬಿಸಿ ಬಿಲ್ಲೆಯ ಮೇಲೆ ಜೇನು ಬಿದ್ದ ದಿನಗಳಲ್ಲಿ, ಆ ಮನೆಯಲ್ಲಿ ಯಾರೂ ಮಾತೆತ್ತದಿದ್ದ ಅವಳ ಗಂಡ ಚೂರುಚೂರಾಗಿ ಬಂದು ಕೂರತೊಡಗಿದ. ಒಂದು ಭಾನುವಾರ ಅತ್ತೆ "ಎತ್ತರ" ಎಂದು ಕೈ ಮೇಲೆತ್ತಿ ತೋರಿಸಿದಳು. ಇನ್ನೊಂದು ಭಾನುವಾರ "ಸೈಕಲ್".

ಚಳಿ ಇಳಿಯುತ್ತಿದ್ದ ಒಂದು ಬೆಳಗ್ಗೆ, ನಾಲ್ಕೂ ಜನ ಮೇಜಿನ ಸುತ್ತ ಕೂತಿದ್ದಾಗ, ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅವರು," ಎಂದಳು. ಎಲ್ಲರೂ ಕೈ ನಿಲ್ಲಿಸಿದರು. "ಅವರು... ಹಾಡು."

"ಹಾಡ್ತಿದ್ರಾ?" ಎಂದು ಅಪ್ಪ ಕೇಳಿಯೇಬಿಟ್ಟರು.

ಅತ್ತೆ ಹೌದೆಂದು ತಲೆಯಾಡಿಸಿದಳು. ಏನೋ ಹುಡುಕಿದಳು. ಹುಡುಕುತ್ತಲೇ ಅವಳ ತುಟಿಯ ಅಂಚು ಅದುರಿತು, ಹೊಟ್ಟೆ ಕುಲುಕಿತು.

"ಕೆಟ್ಟದಾಗಿ," ಎಂದಳು. "ತುಂಬಾ ಕೆಟ್ಟದಾಗಿ."

ಹೇಳಿ ನಕ್ಕಳು. ಅವನು ಹುಟ್ಟಿದಾಗಿನಿಂದ ಕೇಳಿರದಷ್ಟು ಜೋರಾಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಪ್ಪನೂ ನಕ್ಕರು. ಅವನು ಮೇಜಿನ ಕೆಳಗೆ ತನ್ನವಳ ಕೈ ಹುಡುಕಿದ. ಅದು ಆಗಲೇ ಅವನ ಕೈಯನ್ನು ಹುಡುಕುತ್ತ ಬರುತ್ತಿತ್ತು.